ಕಾಣದ ಗಡ್ಡೆಗೆ ಔಷಧ: ಹನ್ನೆರಡು ವಾರದ ಲೆಕ್ಕ

(ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತಿನ ಬರಹ ರೂಪ)



ನಾನು ಭಾಷಣ ಮಾಡಿ ರೂಢಿ ಇದ್ದವಳಲ್ಲ. ಕುಮಟಾ ತಾಲ್ಲೂಕಿನ ಒಂದು ಸೇವಾ ಸಹಕಾರಿ ಸಂಘದಲ್ಲಿ ಗುಮಾಸ್ತೆ. ಸಾಲದ ಅರ್ಜಿ, ರಸೀದಿ, ಲೆಡ್ಜರು ಇಷ್ಟೇ ನನ್ನ ಪ್ರಪಂಚ. ತವರು ಭಟ್ಕಳದ ಹತ್ತಿರ ಶಿರಾಲಿ. ಗಂಡನ ಮನೆ ಹೊನ್ನಾವರ, ಶರಾವತಿ ಹೊಳೆಯ ಬದಿಗೆ. ಹುಟ್ಟಿದ್ದು ಒಂದು ತಾಲ್ಲೂಕು, ಇರೋದು ಇನ್ನೊಂದು, ದುಡಿಯೋದು ಮತ್ತೊಂದು. ನನಗೆ ಕ್ಯಾನ್ಸರ್ ಬಂದಾಗ ಈ ಮೂರೂ ಊರಿನ ಜನ ಬಂದು ನೋಡಿ ಹೋದರು, ಮೂರೂ ಊರಿನವರು ಉಪದೇಶ ಹೇಳಿದರು. ಇವತ್ತು ನಾನು ಉಪದೇಶ ಹೇಳೋದಿಲ್ಲ. ಒಂದು ಲೆಕ್ಕ ಹೇಳ್ತೇನೆ. ಹನ್ನೆರಡು ವಾರದ ಲೆಕ್ಕ.

2023ರ ಜನವರಿಯಲ್ಲಿ ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಗಂಟು ಕೈಗೆ ಸಿಕ್ಕಿತು. ನೋವು ಇರಲಿಲ್ಲ. ನೋವಿಲ್ಲ ಅಂತಲೇ ಮೂರು ವಾರ ಸುಮ್ಮನಿದ್ದೆ, ಅದು ನನ್ನದೇ ತಪ್ಪು. ಬಯಾಪ್ಸಿ ಆಯಿತು, ಹರ್-2 ಪಾಸಿಟಿವ್ ಎಂದು ಬಂತು. ಸ್ತನ ಕ್ಯಾನ್ಸರ್ ಎಲ್ಲ ಒಂದೇ ಜಾತಿಯದ್ದಲ್ಲ. ನೂರರಲ್ಲಿ ಸುಮಾರು 15ರಿಂದ 20 ಜನರಿಗೆ ಬರೋದು ಈ ಬಗೆಯದ್ದು. ಕ್ಯಾನ್ಸರ್ ಕಣದ ಮೈಮೇಲೆ ಹರ್-2 ಎಂಬ ಪ್ರೋಟೀನು ವಿಪರೀತ ಇರ್ತದೆ, ಅದಕ್ಕೇ ಬೇಗ ಬೆಳೀತದೆ. ಒಳ್ಳೆ ಸುದ್ದಿ ಅಂದ್ರೆ ಇದಕ್ಕೇ ಗುರಿ ಇಟ್ಟ ಔಷಧಗಳಿವೆ. ಅವುಗಳಲ್ಲಿ ಮೊದಲನೆಯದು ಟ್ರಾಸ್ಟುಜುಮ್ಯಾಬ್. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಔಷಧ.

ನಮ್ಮ ಕಡೆಯವರಿಗೆ ಕ್ಯಾನ್ಸರ್ ಅಂದ್ರೆ ದಕ್ಷಿಣಕ್ಕೆ ಮಣಿಪಾಲ, ಮಂಗಳೂರು, ಘಟ್ಟ ಹತ್ತಿದರೆ ಹುಬ್ಬಳ್ಳಿ, ಉತ್ತರಕ್ಕೆ ಗೋವಾ. ಕಿದ್ವಾಯಿ ಅಂದ್ರೆ ಬೆಂಗಳೂರು, ಒಂದು ರಾತ್ರಿಯ ದಾರಿ. ನಾವು ದಕ್ಷಿಣದ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಆಸ್ಪತ್ರೆಯ ಹೆಸರು ಬೇಡ. ಕೀಮೋ ಮತ್ತು ಟ್ರಾಸ್ಟುಜುಮ್ಯಾಬ್ ಮೊದಲು, ಆಪರೇಶನ್ ಆಮೇಲೆ ಎಂದರು. ಫೆಬ್ರವರಿಯಿಂದ ಮೇ ತನಕ ಆರು ಸಲ. ಕೂದಲು ಹೋಯ್ತು, ಬಾಯಿ ಹುಣ್ಣಾಯ್ತು, ಗಂಜಿಯೂ ಖಾರ ಅನ್ನಿಸ್ತಿತ್ತು. ಗಂಟು ಮಾತ್ರ ಕೈಗೆ ಸಿಗದಷ್ಟು ಸಣ್ಣದಾಯಿತು. ಜೂನ್ ಮಧ್ಯದಲ್ಲಿ ಆಪರೇಶನ್.

ಮನೆಗೆ ಬಂದ ಮೇಲೆ ಎಲ್ಲರ ಮುಖದಲ್ಲೂ ಒಂದೇ ಮಾತು: ಮುಗೀತಲ್ಲ. ಸತ್ಯನಾರಾಯಣ ಪೂಜೆಗೆ ದಿನವನ್ನೂ ನೋಡಿಯಾಗಿತ್ತು. ಹದಿನೆಂಟು ದಿನದ ಮೇಲೆ ಪೆಥಾಲಜಿ ರಿಪೋರ್ಟ್ ಬಂತು. ಡಾಕ್ಟರು ಕೂರಿಸಿ ಹೇಳಿದರು: "ಆಪರೇಶನ್ ಚೆನ್ನಾಗಿ ಆಗಿದೆ. ಆದರೆ ತೆಗೆದ ಭಾಗದಲ್ಲಿ ಇನ್ನೂ ಸ್ವಲ್ಪ ಕ್ಯಾನ್ಸರ್ ಜೀವಂತ ಉಳಿದಿತ್ತು. ಆರು ಡೋಸು ತಡೆದುಕೊಂಡು ಬದುಕಿದ ಕಣಗಳು ಅವು. ಅಂಥವು ಮೈಯಲ್ಲಿ ಬೇರೆ ಎಲ್ಲಾದರೂ ಇದ್ದರೆ ಮತ್ತೆ ಏಳ್ತಾವೆ. ನಿಮಗೆ ಹೊಸ ಔಷಧ ಬೇಕು."

ಆ ಔಷಧದ ಹೆಸರು ಟ್ರಾಸ್ಟುಜುಮ್ಯಾಬ್ ಎಂಟಾನ್ಸಿನ್. ಚಿಕ್ಕದಾಗಿ ಟಿ-ಡಿಎಂ1. ನನಗೆ ಡಾಕ್ಟರು ಹೇಳಿಕೊಟ್ಟ ಹಾಗೇ ಹೇಳ್ತೇನೆ. ಹಳೆಯ ಔಷಧ ಹರ್-2 ಎಂಬ ಬೀಗಕ್ಕೆ ಕೂರುವ ಕೀಲಿ. ಹೊಸದರಲ್ಲಿ ಆ ಕೀಲಿಗೆ ಒಂದು ಕೀಮೋ ಪೊಟ್ಟಣ ಕಟ್ಟಿರ್ತಾರೆ. ಕೀಲಿ ಹೋಗಿ ಕ್ಯಾನ್ಸರ್ ಕಣಕ್ಕೆ ಕೂತ ಮೇಲೆ ಪೊಟ್ಟಣ ಒಳಗೆ ಹೋಗಿ ಬಿಚ್ಚಿಕೊಳ್ತದೆ. ಹಾಗಾಗಿ ಮೈಯೆಲ್ಲ ಹಾಳಾಗೋದು ಕಡಿಮೆ, ಕೂದಲೂ ಸಾಮಾನ್ಯವಾಗಿ ಉದುರೋದಿಲ್ಲ.

ಇದಕ್ಕೆ ಆಧಾರ ಕ್ಯಾಥರೀನ್ ಎಂಬ ಅಧ್ಯಯನ, 2018ರ ಡಿಸೆಂಬರಿನಲ್ಲಿ ಹೊರಬಂದದ್ದು. ನನ್ನ ಹಾಗೆ ಮೊದಲ ಚಿಕಿತ್ಸೆ ಆದ ಮೇಲೂ ಕ್ಯಾನ್ಸರ್ ಉಳಿದಿದ್ದ 1,486 ಜನರನ್ನು ಎರಡು ಪಾಲು ಮಾಡಿ, ಅರ್ಧ ಜನರಿಗೆ ಹಳೆಯ ಔಷಧವನ್ನೇ ಮುಂದುವರಿಸಿದರು, ಅರ್ಧ ಜನರಿಗೆ ಹೊಸತು ಕೊಟ್ಟರು. ಮೂರು ವರ್ಷಕ್ಕೆ ಕಾಯಿಲೆ ಮರುಕಳಿಸದೆ ಇದ್ದವರು ಹಳೆಯದರಲ್ಲಿ ಶೇ 77, ಹೊಸದರಲ್ಲಿ ಶೇ 88. ಮೂರು ವಾರಕ್ಕೊಂದರಂತೆ 14 ಡೋಸು. ಮತ್ತೊಂದು ಮಾತು: ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದು ಆಪರೇಶನ್ ಆಗಿ 12 ವಾರ ದಾಟದವರನ್ನು. "ನಿಮಗೂ ಅಷ್ಟರೊಳಗೆ ಶುರು ಮಾಡಿದರೆ ಒಳ್ಳೇದು" ಎಂದರು ಡಾಕ್ಟರು. ಆಗಲೇ ಮೂರು ವಾರ ಹೋಗಿತ್ತು.

ಆ ವರ್ಷದ ಮಳೆಗಾಲವನ್ನು ನಾನು ವಾರ ಎಣಿಸಿಯೇ ಕಳೆದೆ.

ದುಡ್ಡಿನ ಲೆಕ್ಕ ಕೇಳಿ. ಈ ಔಷಧ ತೂಕದ ಮೇಲೆ: ಕಿಲೋಗೆ 3.6 ಮಿಲಿಗ್ರಾಂ. ನಾನು 54 ಕಿಲೋ. ಸುಮಾರು 194 ಮಿಲಿಗ್ರಾಂ, ಅಂದ್ರೆ 100 ಮಿಲಿಗ್ರಾಂನ ಎರಡು ಬಾಟಲಿ. 14 ಸಲಕ್ಕೆ 28 ಬಾಟಲಿ. ಮೂಲ ಕಂಪನಿಯ ಔಷಧದ ಬೆಲೆ ಕೇಳಿ ನಮ್ಮನೆಯವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಡಿಕೆ ತೋಟ ಮಾರಿದರೆ ಆಗಬಹುದಿತ್ತು. ಇರೋದೇ ಮುಕ್ಕಾಲು ಎಕರೆ.

ಆ ದಿನ ನಾನು ಕೇಳಿದ ಒಂದು ಪ್ರಶ್ನೆಯೇ ನನ್ನನ್ನು ಉಳಿಸಿತು ಅಂತ ಈಗ ಅನ್ನಿಸ್ತದೆ. "ಡಾಕ್ಟ್ರೇ, ಇದಕ್ಕೆ ನಮ್ಮ ದೇಶದ್ದು ಬರ್ತದಾ?"

"ಬರ್ತದೆ" ಎಂದರು.

ಬಯೋಸಿಮಿಲರ್ ಎನ್ನುತ್ತಾರೆ. ಜೀವಕಣಗಳಿಂದ ತಯಾರಾಗುವ ಔಷಧಕ್ಕೆ ಬೇರೆ ಕಂಪನಿ ಮಾಡುವ, ಗುಣದಲ್ಲಿ ಸರಿಸಾಟಿಯಾದ ಔಷಧ. ಇದರಲ್ಲಿ ನಮ್ಮ ಬೆಂಗಳೂರಿನ ಪಾಲು ದೊಡ್ಡದು. ರೋಷ್ ಕಂಪನಿ ಭಾರತದಲ್ಲಿ ಹರ್ಸೆಪ್ಟಿನ್ ಪೇಟೆಂಟನ್ನು 2013ರಲ್ಲಿ ಕೈಬಿಟ್ಟಿತು. 2014ರ ಆರಂಭದಲ್ಲಿ ಬಯೋಕಾನ್ ತನ್ನ ಟ್ರಾಸ್ಟುಜುಮ್ಯಾಬನ್ನು ಕ್ಯಾನ್‌ಮ್ಯಾಬ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ಆಗ 440 ಮಿಲಿಗ್ರಾಂಗೆ 57,500 ರೂಪಾಯಿ. ರೋಷ್ ದೆಹಲಿ ಹೈಕೋರ್ಟಿಗೂ ಹೋಯಿತು. ಆಮೇಲೆ ಬೇರೆ ಕಂಪನಿಗಳೂ ಬಂದವು, ಔಷಧ ಕೇಂದ್ರದ ಅವಶ್ಯಕ ಔಷಧಗಳ ಪಟ್ಟಿಗೂ ಸೇರಿತು. ನನ್ನ ಮೊದಲ ಆರು ಡೋಸು ನಮ್ಮ ಕೈಗೆ ಎಟುಕಿದ್ದು ಆ ದಾರಿಯಿಂದಲೇ. ಟಿ-ಡಿಎಂ1ಗೂ ಹಾಗೇ ಆಯ್ತು. 2021ರಲ್ಲಿ ಜೈಡಸ್ ಕಂಪನಿ ಉಜ್ವಿರಾ ಎಂಬ ಹೆಸರಲ್ಲಿ ತಂದಿತು, ಮೂಲ ಔಷಧಕ್ಕಿಂತ ಸುಮಾರು ಶೇ 80ರಷ್ಟು ಕಡಿಮೆಗೆ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ನನಗೆ ಒಂದು ಬಾಟಲಿಗೆ 30 ಸಾವಿರದ ಆಚೀಚೆ ಬಿತ್ತು. 28 ಬಾಟಲಿಗೆ ಎಂಟು ಲಕ್ಷದ ಮೇಲೆ. ಅದೂ ಸಣ್ಣದಲ್ಲ. ಆದರೆ ಲೆಡ್ಜರಿನಲ್ಲಿ ಬರೆಯಬಹುದಾದ ಅಂಕಿ.

ಈಗ ಮನೆಯ ಮಾತು. ಇದನ್ನು ಹೇಳದೇ ಬಿಟ್ಟರೆ ನಾನು ಇಲ್ಲಿಗೆ ಬಂದದ್ದು ದಂಡ.

ಶಿರಾಲಿಯಲ್ಲಿ ಅಣ್ಣನ ಮನೆಯ ಜಗಲಿಯಲ್ಲಿ ಎಲ್ಲರೂ ಕೂತಿದ್ದೆವು. ಹೊರಗೆ ಧೋ ಅಂತ ಮಳೆ. ಅಣ್ಣ ಮೆತ್ತಗೆ ಕೇಳಿದ: "ತಂಗೀ, ಗಡ್ಡೆ ತೆಗೆದಾಯ್ತಲ್ಲ. ಸ್ಕ್ಯಾನಿನಲ್ಲೂ ಏನೂ ಇಲ್ಲ ಅಂದ್ರಲ್ಲ. ಮತ್ತೆ ಎಂಟು ಲಕ್ಷ ಯಾತಕ್ಕೆ?"

ಅಣ್ಣ ಕೆಟ್ಟವನಲ್ಲ. ಮೊದಲ ಕೀಮೋಗೆ ಕೇಳದೇ ದುಡ್ಡು ಕೊಟ್ಟವನು. ಅವನ ಪ್ರಶ್ನೆ ನನ್ನೊಳಗೂ ಇತ್ತು. ಗಡ್ಡೆ ಇದ್ದಾಗ ದುಡ್ಡು ಕೇಳೋದು ಸುಲಭ. ಕೈ ಹಿಡಿದು ತೋರಿಸಬಹುದು. ತಲೆ ಬೋಳಾಗಿದ್ದಾಗ ಯಾರೂ ಪ್ರಶ್ನೆ ಮಾಡೋದಿಲ್ಲ. ಚಿಕಿತ್ಸೆ ಆಗಿ, ಮುಖಕ್ಕೆ ಸ್ವಲ್ಪ ಬಣ್ಣ ಬಂದು, ಕೂದಲು ಮೊಳೆಯುವ ಹೊತ್ತಿಗೆ, ಕಣ್ಣಿಗೆ ಕಾಣದ ಕಾಯಿಲೆಗೆ ಔಷಧ ಬೇಕು ಅಂದ್ರೆ ಆಸೆಬುರುಕಿ ಅನ್ನಿಸ್ತದೆ. ಮಗಳ ಕಾಲೇಜು ಫೀಸು ಕಟ್ಟುವ ತಿಂಗಳು ಬೇರೆ. ಮರುಕಳಿಸದೇ ಇರುವವರು ಹಳೆಯದರಲ್ಲೂ ನೂರಕ್ಕೆ 77 ಜನ ಇದ್ದಾರಲ್ಲ, ನಾನೂ ಅವರಲ್ಲಿ ಒಬ್ಬಳಾಗಬಹುದಲ್ಲ ಅಂತ ರಾತ್ರಿ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ.

ಕಡೆಗೆ ಉತ್ತರ ಕೊಟ್ಟದ್ದು ಆಯಿ. ಮನೆ ಹಿಂದಿನ ಮಲ್ಲಿಗೆ ಕಟ್ಟಿ ಮಾರಿ ನಮ್ಮನ್ನು ಓದಿಸಿದವಳು. ಒಳಗೆ ಹೋಗಿ ಬಳೆ ತಂದು ಇಟ್ಟಳು. "ಗಿಡಕ್ಕೆ ಹುಳ ಬಿದ್ದು ಹೋದ ಮೇಲೂ ಒಂದು ಸಲ ಔಷಧ ಹೊಡೆಯೋದಿಲ್ವನಾ? ಮೊಟ್ಟೆ ಕಣ್ಣಿಗೆ ಕಾಣ್ತದಾ?" ಅಂತ ಅಣ್ಣನಿಗೇ ಕೇಳಿದಳು. ಕ್ಯಾಥರೀನ್ ಅಧ್ಯಯನವನ್ನು ಅದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ನೋಡಿಲ್ಲ. ಅಣ್ಣ ಮತ್ತೆ ಮಾತಾಡಲಿಲ್ಲ. ಮಾರನೇ ದಿನದಿಂದ ಆಸ್ಪತ್ರೆಗೆ ಜೊತೆಗೆ ಬಂದವನು ಅವನೇ.

ಆದರೆ ಬಳೆಯಿಂದ ಎಂಟು ಲಕ್ಷ ಹುಟ್ಟೋದಿಲ್ಲ. ನನಗೆ ಕೆಲಸದ ಮೂಲಕ ಐದು ಲಕ್ಷದ ಗುಂಪು ವಿಮೆ ಇತ್ತು. ನಾಲ್ಕನೇ ವಾರ ಅರ್ಜಿ ಹೋಯ್ತು. ಆರನೇ ವಾರ ತಿರಸ್ಕಾರ. ಎರಡು ಕಾರಣ ಕೊಟ್ಟಿದ್ದರು. ಒಂದು, ಈ ಔಷಧವನ್ನು ಈಗಾಗಲೇ ಆರು ಸಲ ಮಂಜೂರು ಮಾಡಿದ್ದೇವೆ. ಎರಡು, ರೋಗಿಗೆ ಈಗ ಸಕ್ರಿಯ ಕಾಯಿಲೆ ಇಲ್ಲ.

ನಾನು ಅತ್ತೆ ಅಂತ ಸುಳ್ಳು ಹೇಳೋದಿಲ್ಲ. ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷ ಉಲ್ಲೇಖ, ವಿಷಯ, ಮಾನ್ಯರೇ ಅಂತ ಪತ್ರ ಬರೆದವಳು ನಾನು. ಕಡತದ ತಪ್ಪು ಕಂಡರೆ ನನಗೆ ಗೊತ್ತಾಗ್ತದೆ. ಅವರು ಟ್ರಾಸ್ಟುಜುಮ್ಯಾಬ್ ಎಂಬ ಮೊದಲ ಪದ ಓದಿ ಎರಡನೇ ಪದ ಬಿಟ್ಟಿದ್ದರು. ಎಂಟಾನ್ಸಿನ್ ಇದ್ದರೆ ಅದು ಬೇರೆಯೇ ಔಷಧ. ಡೋಸೂ ಬೇರೆ. ಒಂದರ ಬದಲು ಇನ್ನೊಂದು ಕೊಟ್ಟರೆ ಜೀವಕ್ಕೇ ಅಪಾಯ. ನೆನಪಿಡಿ, ಚೀಟಿಯಲ್ಲಿ, ಬಿಲ್ಲಿನಲ್ಲಿ, ಬಾಟಲಿಯ ಮೇಲೆ ಎರಡೂ ಪದ ಇದೆಯಾ ನೋಡಿ.

ಎರಡನೇ ಕಾರಣಕ್ಕೆ ಡಾಕ್ಟರ ಹತ್ತಿರ ಅರ್ಧ ಪುಟದ ಪತ್ರ ಕೇಳಿದೆ. ಆಪರೇಶನ್ ನಂತರದ ರಿಪೋರ್ಟಿನಲ್ಲಿ ಉಳಿದ ಕ್ಯಾನ್ಸರ್ ಎಷ್ಟು, ಈ ಔಷಧ ಯಾಕೆ, ಎಷ್ಟು ಡೋಸು, ಯಾವಾಗಿನೊಳಗೆ. ಅದರ ಜೊತೆಗೆ ಒಂದು ನಿಯಮ ಹಾಕಿದೆ. 2019ರ ಸೆಪ್ಟೆಂಬರಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಒಂದು ಸುತ್ತೋಲೆ ಹೊರಡಿಸಿತ್ತು. ಆಧುನಿಕ ಚಿಕಿತ್ಸೆಗಳ ಒಂದು ಪಟ್ಟಿ ಮಾಡಿ, ಅವನ್ನು ಆರೋಗ್ಯ ವಿಮೆಯಿಂದ ಹೊರಗಿಡುವಂತಿಲ್ಲ ಅಂತ. ಒಳರೋಗಿಯಾಗಿ ತೆಗೆದುಕೊಂಡರೂ ಸೈ, ಡೇಕೇರ್ ಆದರೂ ಸೈ. ಆ ಪಟ್ಟಿಯಲ್ಲಿ ಬಾಯಿಂದ ತೆಗೆದುಕೊಳ್ಳುವ ಕೀಮೋ ಇತ್ತು, ಇಂಜೆಕ್ಷನ್ ಆಗಿ ಕೊಡುವ ಮೋನೋಕ್ಲೋನಲ್ ಆ್ಯಂಟಿಬಾಡಿ ಇತ್ತು. ಆದರೆ ಕಂಪನಿ ಅದಕ್ಕೆ ಮಿತಿ ಹಾಕಬಹುದಿತ್ತು. ನನ್ನ ಪಾಲಿಸಿಯಲ್ಲಿ ವಿಮಾ ಮೊತ್ತದ ಅರ್ಧ, ಅಂದ್ರೆ ವರ್ಷಕ್ಕೆ ಎರಡೂವರೆ ಲಕ್ಷ.

ಒಂಬತ್ತನೇ ವಾರ ಒಪ್ಪಿಗೆ ಬಂತು. ಪಾಲಿಸಿ ಏಪ್ರಿಲ್‌ಗೆ ನವೀಕರಣ. ಮೊದಲ ವರ್ಷ ಎರಡೂವರೆ ಲಕ್ಷ, ಏಪ್ರಿಲ್ ಆದ ಮೇಲೆ ಉಳಿದ ನಾಲ್ಕು ಡೋಸಿಗೆ ಮತ್ತೆ. ಹೆಚ್ಚುಕಮ್ಮಿ ಐದು ಲಕ್ಷ ವಿಮೆಯಿಂದ ಆಯ್ತು. ಉಳಿದದ್ದಕ್ಕೆ ನಮ್ಮದೇ ಸಂಘದ ಸಾಲ, ಆಯಿಯ ಬಳೆ, ಆ ವರ್ಷದ ಅಡಿಕೆ.

ಹನ್ನೊಂದನೇ ವಾರ, ಆಗಸ್ಟ್ ಕೊನೆಗೆ ಮೊದಲ ಡೋಸು.

ಆಮೇಲಿನ ಒಂಬತ್ತು ತಿಂಗಳು ದಾರಿಯದ್ದೇ ಕಥೆ. ಹೊನ್ನಾವರದಿಂದ ಬೆಳಿಗ್ಗೆ ರೈಲು. ಮುರ್ಡೇಶ್ವರ, ಭಟ್ಕಳ, ಬೈಂದೂರು, ಕುಂದಾಪುರ. ಭಟ್ಕಳ ಸ್ಟೇಷನ್ನಿನಲ್ಲಿ ಅಣ್ಣ ಹತ್ತುತ್ತಿದ್ದ, ಕೈಯಲ್ಲಿ ಅತ್ತಿಗೆ ಕಟ್ಟಿಕೊಟ್ಟ ಇಡ್ಲಿ. ಶಿರೂರು ಬಂದಾಗೆಲ್ಲ ಒಂದು ನೆನಪು ಬರ್ತಿತ್ತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸ್ ಅಲ್ಲಿನ ಟೋಲ್ ಗೇಟಿನಲ್ಲಿ ಮಗುಚಿ ನಾಲ್ಕು ಜೀವ ಹೋಯ್ತು. ಆಗ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ಮೂರೂ ಊರಿನ ಜನ ಕೂಗಿದ್ದೆವು. ಔಷಧ ಎಲ್ಲಿಂದ ಬರ್ತದೆ ಅನ್ನೋದರಷ್ಟೇ ಮುಖ್ಯ, ಅದನ್ನು ಎಲ್ಲಿ ಕೊಡ್ತಾರೆ ಅನ್ನೋದು. ಬೆಲೆ ಇಳಿದರೂ ನಮ್ಮ ದೂರ ಇಳಿಯಲಿಲ್ಲ.

ಐದನೇ ಡೋಸಿನ ದಿನ ಅಷ್ಟು ದೂರ ಹೋಗಿ ಬರಿಗೈಯಲ್ಲಿ ವಾಪಸ್ ಬಂದೆವು. ಪ್ಲೇಟ್‌ಲೆಟ್ ಕಡಿಮೆ ಇತ್ತು. ಈ ಔಷಧದಲ್ಲಿ ಪ್ಲೇಟ್‌ಲೆಟ್ ಇಳಿಯೋದು, ಲಿವರ್ ಪರೀಕ್ಷೆಯಲ್ಲಿ ಏರುಪೇರಾಗೋದು ಸಾಮಾನ್ಯ. ಒಂದು ವಾರ ಮುಂದೆ ಹೋಯ್ತು. ಅಂದಿನಿಂದ ಡಾಕ್ಟರನ್ನು ಕೇಳಿ, ಹಿಂದಿನ ದಿನವೇ ಕುಮಟಾದಲ್ಲಿ ರಕ್ತ ಪರೀಕ್ಷೆ ಮಾಡಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸ್ತಿದ್ದೆ. ಸರಿ ಇದ್ದರೆ ಮಾತ್ರ ರೈಲು.

ಒಂದು ನಗೆಯ ಮಾತು. ತೂಕ 56 ದಾಟಿದರೆ ಲೆಕ್ಕದಲ್ಲಿ 200 ಮಿಲಿಗ್ರಾಂ ಮೀರ್ತದೆ, ಮೂರನೇ ಬಾಟಲಿ ಒಡೀಬೇಕಾಗ್ತದೆ ಅಂತ ನಾನು ರಾತ್ರಿ ಊಟ ಬಿಡಲು ಶುರು ಮಾಡಿದ್ದೆ. ಡಾಕ್ಟರಿಗೆ ಗೊತ್ತಾಗಿ ಬೈದರು. "ಅಷ್ಟು ಸಣ್ಣ ವ್ಯತ್ಯಾಸ ನಾವು ಸರಿದೂಗಿಸ್ತೇವೆ ಅಮ್ಮ, ನೀವು ಮೀನು ತಿನ್ನಿ" ಎಂದರು. ಅವತ್ತು ರಾತ್ರಿ ಬಂಗುಡೆ ಸಾರು ಉಂಡೆ.

2024ರ ಜೂನ್ ಮೊದಲ ವಾರ, ಮಳೆ ಹಿಡಿಯುವ ಹೊತ್ತಿಗೆ, ಹದಿನಾಲ್ಕನೇ ಡೋಸು. ಗುಣ ಆಯ್ತಾ ಅಂತ ಕೇಳ್ತಾರೆ. ಇವತ್ತಿನ ತನಕ ಪರೀಕ್ಷೆಯಲ್ಲಿ ಏನೂ ಇಲ್ಲ. ಅಷ್ಟು ಹೇಳಬಲ್ಲೆ. ಬೆರಳ ತುದಿಯ ಜೋಮು ಇನ್ನೂ ಇದೆ. ನೋಟು ಎಣಿಸುವಾಗ ಎರಡು ಸಲ ಎಣಿಸ್ತೇನೆ.

ನನಗೆ ಸಿಕ್ಕಿತು. ಸಿಗದವರ ಮಾತು ಹೇಳದೇ ಮುಗಿಸಬಾರದು. ನಮ್ಮ ಪಕ್ಕದ ಕೇರಳದಲ್ಲಿ 2022ರಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ ಹೈಕೋರ್ಟಿಗೆ ಹೋದರು. ಅವರದ್ದು ಬೇರೆ ಬಗೆಯ ಸ್ತನ ಕ್ಯಾನ್ಸರ್, ಬೇಕಿದ್ದದ್ದು ರೈಬೋಸಿಕ್ಲಿಬ್ ಮಾತ್ರೆ. ತಿಂಗಳಿಗೆ 58 ಸಾವಿರಕ್ಕೂ ಹೆಚ್ಚು. ಪೇಟೆಂಟ್ ಇರೋದರಿಂದ ಬೇರೆ ಕಂಪನಿ ಮಾಡುವ ಹಾಗಿಲ್ಲ, ಸರ್ಕಾರವೇ ಕಡ್ಡಾಯ ಪರವಾನಗಿ ಕೊಡಲಿ ಅಂತ ಕೇಳಿದರು. ತೀರ್ಪು ಬರುವ ಮೊದಲೇ, ಅದೇ ವರ್ಷ ಅವರು ತೀರಿಕೊಂಡರು. ವಿಷಯ ದೊಡ್ಡದು ಅಂತ ನ್ಯಾಯಾಲಯ ತಾನೇ ಪ್ರಕರಣ ಮುಂದುವರಿಸಿತು. ಅದೇ ವರ್ಗದ ಪಾಲ್ಬೋಸಿಕ್ಲಿಬ್ ಮಾತ್ರೆಯ ಪೇಟೆಂಟ್ 2023ರ ಜನವರಿಯಲ್ಲಿ ಮುಗಿದ ಕೂಡಲೇ ನಮ್ಮ ಕಂಪನಿಗಳು ತಯಾರಿಸಿ, ಬೆಲೆ ಬಹಳ ಇಳಿಯಿತು. ಆ ಅಮ್ಮನಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ: ನನಗೆ ಬೇಕಾದ ಔಷಧವನ್ನು ನಮ್ಮ ದೇಶದಲ್ಲಿ ಯಾರೋ ಆಗಲೇ ಮಾಡಿ ಇಟ್ಟಿದ್ದರು.

ಹೊಸತು ಬರ್ತಾನೇ ಇರ್ತದೆ. ಈಗ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಬಂದಿದೆ. 2024ರ ಜುಲೈ ಬಜೆಟ್ಟಿನಲ್ಲಿ ಅದರ ಆಮದು ಸುಂಕ ತೆಗೆದರು, ಆಮೇಲೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಸಿದರು. 2025ರ ಅಕ್ಟೋಬರಿನಲ್ಲಿ ಬರ್ಲಿನ್ ಸಮ್ಮೇಳನದಲ್ಲಿ, ನನ್ನಂಥ ಉಳಿಕೆ ಕ್ಯಾನ್ಸರ್ ಇದ್ದವರಿಗೆ ಅದು ಟಿ-ಡಿಎಂ1ಗಿಂತಲೂ ಒಳ್ಳೆಯದು ಎಂಬ ಅಧ್ಯಯನ ಬಂತು. ಮುಂದಿನ ವರ್ಷಗಳಲ್ಲಿ ನಮ್ಮ ಮೂರು ತಾಲ್ಲೂಕಿನ ಯಾವಳೋ ಒಬ್ಬಳು ಅದರ ಬೆಲೆ ಕೇಳಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂರ್ತಾಳೆ. ಅವಳಿಗೆ ನಾಲ್ಕು ಮಾತು.

ಒಂದು. ಆಪರೇಶನ್ ಆದ ಮೇಲಿನ ಪೆಥಾಲಜಿ ರಿಪೋರ್ಟಿನ ಪ್ರತಿ ಕೇಳಿ ಇಟ್ಟುಕೊಳ್ಳಿ. ಬಂದ ದಿನವೇ "ಏನಾದರೂ ಉಳಿದಿದೆಯಾ" ಅಂತ ಕೇಳಿ. ಆಪರೇಶನ್ ದಿನದಿಂದ ವಾರ ಎಣಿಸಿ.

ಎರಡು. "ನಮ್ಮ ದೇಶದ್ದು ಇದೆಯಾ, ಕಂಪನಿಯ ಸಹಾಯ ಯೋಜನೆ ಇದೆಯಾ" ಅಂತ ಬಾಯಿಬಿಟ್ಟು ಕೇಳಿ. ಕೇಳೋದರಲ್ಲಿ ನಾಚಿಕೆ ಇಲ್ಲ.

ಮೂರು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ತನಕ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಒಂದೂವರೆ ಲಕ್ಷದ ಮಿತಿಯಲ್ಲಿ. ನಿಮ್ಮ ಔಷಧ ಪ್ಯಾಕೇಜಿನಲ್ಲಿ ಇದೆಯಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು.

ನಾಲ್ಕು. ವಿಮೆ ಇಲ್ಲ ಅಂದರೆ ಕಾರಣವನ್ನು ಬರವಣಿಗೆಯಲ್ಲಿ ಪಡೆಯಿರಿ, ಬರವಣಿಗೆಯಲ್ಲೇ ಉತ್ತರ ಕೊಡಿ. ಒಂದು ತಿಂಗಳಲ್ಲಿ ಸರಿಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಪತ್ರ ಬರೆಯಲು ಬರೋದಿಲ್ಲ ಅಂದ್ರೆ ಹತ್ತಿರದ ಸೊಸೈಟಿಯ ಗುಮಾಸ್ತರನ್ನು ಹಿಡಿಯಿರಿ. ನಮಗೆ ಬರೋದು ಅದೊಂದೇ ವಿದ್ಯೆ.

ಮನೆಯವರಿಗೂ ಒಂದು ಮಾತಿದೆ. ಅವಳು ನೋಡಲು ಚೆನ್ನಾಗಿದ್ದಾಳೆ ಅಂತ ಔಷಧ ಮುಂದೂಡಬೇಡಿ. ಅವಳೇ "ಬೇಡ ಬಿಡಿ, ದುಡ್ಡು ದಂಡ" ಅಂದರೂ ಒಪ್ಪಬೇಡಿ. ನಮ್ಮ ಕಡೆ ಹೆಂಗಸರು ಮೊದಲು ಹೇಳೋದೇ ಅದನ್ನ. ನಾನೂ ಹೇಳಿದ್ದೆ.